ಮನೆಯಂಗಳದ ಪ್ರಯೋಗಶಾಲೆ: ಮಕ್ಕಳ ಕುತೂಹಲವೂ ಸಣ್ಣ ಉದ್ದಿಮೆಯ ಲೆಕ್ಕಾಚಾರವೂ

ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಆಂಟನಿ ವಾನ್ ಲೇವನ್‌ಹುಕ್ (1632–1723) ಎಂಬ ಜವಳಿ ವರ್ತಕನಿದ್ದನು. ಬಟ್ಟೆಯ ನೂಲಿನ ಗುಣಮಟ್ಟವನ್ನು ಪರೀಕ್ಷಿಸಲು ಜವಳಿ ವ್ಯಾಪಾರಿಗಳು ಭೂತಗನ್ನಡಿಯನ್ನು ಬಳಸುವುದು ಅಂದಿನ ವಾಡಿಕೆ. ಆತ ಅಷ್ಟಕ್ಕೆ ತೃಪ್ತನಾಗಲಿಲ್ಲ. ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲದಿದ್ದರೂ, ಮನೆಯಲ್ಲಿಯೇ ಗಾಜನ್ನು ಉಜ್ಜಿ ಪುಟ್ಟ ಮಸೂರಗಳನ್ನು ತಯಾರಿಸಿ, ಕೆರೆಯ ನೀರು, ಮಳೆಯ ನೀರು, ಹಲ್ಲಿನ ಕೊಳೆ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ನೋಡಿದನು. 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆತ ಬರೆದ ಪತ್ರವು ಕಣ್ಣಿಗೆ ಕಾಣದ ಜೀವಿಗಳ ಲೋಕವೊಂದನ್ನು ವಿಜ್ಞಾನಕ್ಕೆ ಪರಿಚಯಿಸಿತು. ಸೂಕ್ಷ್ಮಜೀವಿ ಶಾಸ್ತ್ರದ ಮೂಲಪುರುಷನು ಒಬ್ಬ ವರ್ತಕನೆಂಬುದು ವ್ಯಾಪಾರಿ ಸಮುದಾಯವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ಇಂದು ಅಂಗಡಿಗಳಲ್ಲಿಯೂ ಅಂತರ್ಜಾಲ ಮಾರುಕಟ್ಟೆಯಲ್ಲಿಯೂ ಮಕ್ಕಳ 'ವಿಜ್ಞಾನ ಪೆಟ್ಟಿಗೆ'ಗಳು ಹೇರಳವಾಗಿ ದೊರೆಯುತ್ತಿವೆ. ಇವುಗಳನ್ನು ಕೊಳ್ಳುವ ಪೋಷಕರೂ, ಮಾರುವ ವರ್ತಕರೂ, ತಯಾರಿಸಬಯಸುವ ಸಣ್ಣ ಉದ್ದಿಮೆದಾರರೂ ಸದಸ್ಯರಲ್ಲಿಯೇ ಇರುವುದರಿಂದ, ಈ ವಿಷಯವನ್ನು ಮೂರೂ ದೃಷ್ಟಿಗಳಿಂದ ಅವಲೋಕಿಸುವುದು ಉಚಿತವಾಗಿದೆ.

ಖರ್ಚಿಲ್ಲದ ನಾಲ್ಕು ಪ್ರಯೋಗಗಳು

ಮೊದಲನೆಯದು ಅಡುಗೆಮನೆಯ ಅರಿಶಿನದ್ದು. ಅರಿಶಿನದ ಪುಡಿಯನ್ನು ನೀರಿನಲ್ಲಿ ಕಲಸಿ ಬಿಳಿಯ ಹಾಳೆಗೆ ಬಳಿದು ಒಣಗಿಸಬೇಕು. ಕಡ್ಡಿಯೊಂದನ್ನು ಸಾಬೂನಿನ ನೀರಿನಲ್ಲಿ ಅದ್ದಿ ಅದರ ಮೇಲೆ ಬರೆದರೆ ಅಕ್ಷರಗಳು ಕೆಂಪಾಗಿ ಮೂಡುತ್ತವೆ. ನಿಂಬೆರಸ ಸೋಕಿಸಿದೊಡನೆ ಮತ್ತೆ ಹಳದಿಯಾಗುತ್ತವೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯವು ಕ್ಷಾರದಲ್ಲಿ ಕೆಂಪಾಗಿಯೂ ಆಮ್ಲದಲ್ಲಿ ಹಳದಿಯಾಗಿಯೂ ಇರುವುದೇ ಇದಕ್ಕೆ ಕಾರಣ. ಮದುವೆ ಮನೆಗಳಲ್ಲಿ ಅರಿಶಿನ ಮತ್ತು ಸುಣ್ಣವನ್ನು ಕದಡಿ ಕೆಂಪುನೀರಿನ ಆರತಿ ಎತ್ತುವ ಹೆಣ್ಣುಮಕ್ಕಳು ಈ ರಸಾಯನ ಕ್ರಿಯೆಯನ್ನು ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ.

ಎರಡನೆಯದು ನೀರಿನ ಬಾಟಲಿಯಲ್ಲಿ ಮುಳುಗುವ ಡ್ರಾಪರ್. ಔಷಧದ ಡ್ರಾಪರ್ ಒಂದಕ್ಕೆ ಸ್ವಲ್ಪ ನೀರು ತುಂಬಿ, ಅದು ಮುಳುಗದೆ ಕೇವಲ ತೇಲುವಂತೆ ಹೊಂದಿಸಿಕೊಳ್ಳಬೇಕು. ಅದನ್ನು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಬಿರಡೆಯನ್ನು ಬಿಗಿಯಾಗಿ ಮುಚ್ಚಬೇಕು. ಬಾಟಲಿಯನ್ನು ಅದುಮಿದರೆ ಡ್ರಾಪರ್ ಮುಳುಗುತ್ತದೆ, ಕೈ ಸಡಿಲಿಸಿದರೆ ಮೇಲೇರುತ್ತದೆ. ಅದುಮಿದಾಗ ಡ್ರಾಪರಿನೊಳಗಿನ ಗಾಳಿ ಕುಗ್ಗಿ ಇನ್ನಷ್ಟು ನೀರು ಒಳನುಗ್ಗುವುದರಿಂದ ಅದರ ಭಾರ ಹೆಚ್ಚುತ್ತದೆ. ಬಾಯ್ಲನ ನಿಯಮ ಹಾಗೂ ಆರ್ಕಿಮಿಡೀಸನ ತತ್ತ್ವ ಎರಡೂ ಒಂದೇ ಬಾಟಲಿಯಲ್ಲಿ ಅಡಗಿವೆ.

ಮೂರನೆಯದು ವಿದ್ಯುತ್ ಮೋಟಾರು. ಒಂದೂವರೆ ವೋಲ್ಟಿನ ಶೆಲ್, ಎರಡು ಸೇಫ್ಟಿ ಪಿನ್ನುಗಳು, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಹಳೆಯ ಸ್ಪೀಕರಿನ ಅಯಸ್ಕಾಂತ ಮತ್ತು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ದೊರೆಯುವ ಲೇಪಿತ ತಾಮ್ರದ ತಂತಿ ಇದ್ದರೆ ಸಾಕು. ತಂತಿಯನ್ನು ಹತ್ತು ಸುತ್ತು ಸುತ್ತಿ, ಎರಡು ತುದಿಗಳನ್ನು ಅಕ್ಷದಂತೆ ಹೊರಚಾಚಿ ಬಿಡಬೇಕು. ಪಿನ್ನುಗಳನ್ನು ಶೆಲ್ಲಿನ ಎರಡು ಧ್ರುವಗಳಿಗೆ ತಾಗುವಂತೆ ರಬ್ಬರಿನಿಂದ ಬಿಗಿದು, ಅವುಗಳ ಕಣ್ಣುಗಳಲ್ಲಿ ಸುರುಳಿಯ ತುದಿಗಳನ್ನು ಕೂರಿಸಿ, ಅಯಸ್ಕಾಂತವನ್ನು ಸುರುಳಿಯ ಕೆಳಗೆ ಶೆಲ್ಲಿನ ಮೇಲೆ ಇಡಬೇಕು. ಇದರ ಗುಟ್ಟು ತಂತಿಯ ಲೇಪವನ್ನು ಕೆರೆಯುವುದರಲ್ಲಿದೆ. ಒಂದು ತುದಿಯ ಲೇಪವನ್ನು ಸುತ್ತಲೂ ಕೆರೆಯಬೇಕು, ಇನ್ನೊಂದು ತುದಿಯಲ್ಲಿ ಅರ್ಧಭಾಗವನ್ನು ಮಾತ್ರ. ಅರ್ಧ ಸುತ್ತಿನಲ್ಲಿ ವಿದ್ಯುತ್ ಹರಿದು ಸುರುಳಿಯನ್ನು ತಳ್ಳುತ್ತದೆ, ಉಳಿದರ್ಧದಲ್ಲಿ ವಿದ್ಯುತ್ ನಿಂತು ಸುರುಳಿಯು ತನ್ನ ವೇಗದಿಂದಲೇ ಮುಂದೆ ತಿರುಗುತ್ತದೆ. ಎರಡೂ ತುದಿಗಳನ್ನು ಪೂರ್ತಿ ಕೆರೆದರೆ ಸುರುಳಿಯು ಹಿಂದೆ ಮುಂದೆ ತೂಗಾಡಿ ನಿಂತುಬಿಡುತ್ತದೆ. ಈ ತಪ್ಪನ್ನು ಮಗುವೇ ಮಾಡಿ, ಮಗುವೇ ಕಂಡುಕೊಂಡರೆ ಪಾಠವು ಚಿರಸ್ಥಾಯಿಯಾಗುತ್ತದೆ. ಸುರುಳಿ ನಿಂತಾಗ ಶೆಲ್ ಬಿಸಿಯಾಗುವುದರಿಂದ ಕೂಡಲೇ ಅದನ್ನು ತೆಗೆಯುವುದು ಅಗತ್ಯ.

ನಾಲ್ಕನೆಯದಕ್ಕೆ ಬೇಕಾದ ಸಾಮಗ್ರಿಯು ಬಹುತೇಕ ಎಲ್ಲ ಕಚೇರಿಗಳ ಕಪಾಟಿನಲ್ಲಿ ಧೂಳು ಹಿಡಿದು ಕುಳಿತಿದೆ. ಒಂದು ಕಾಲದಲ್ಲಿ ವರ್ಷದ ಲೆಕ್ಕಪತ್ರಗಳನ್ನು ತುಂಬಿಟ್ಟ ಸಿ.ಡಿ.ಯೇ ಅದು. ಅದರ ಮೇಲ್ಮೈಯ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 625 ಗೆರೆಗಳು. ರಟ್ಟಿನ ಪೆಟ್ಟಿಗೆಯ ಒಂದು ಪಕ್ಕದಲ್ಲಿ ಕಿರಿದಾದ ಸೀಳು ಕೊರೆದು, ಎದುರು ಭಾಗದಲ್ಲಿ ಸಿ.ಡಿ.ಯ ತುಂಡನ್ನು ಓರೆಯಾಗಿ ಇರಿಸಿ ಮೇಲಿನ ಕಿಂಡಿಯಿಂದ ನೋಡಿದರೆ ಬೆಳಕು ಬಣ್ಣಗಳಾಗಿ ಒಡೆಯುವುದು ಕಾಣುತ್ತದೆ. ಹಳೆಯ ತಂತಿಯ ಬಲ್ಬು ಅಖಂಡ ಪಟ್ಟಿಯನ್ನು ತೋರಿದರೆ, ಸಿ.ಎಫ್.ಎಲ್. ದೀಪವು ಬಿಡಿಬಿಡಿ ಗೆರೆಗಳನ್ನು ತೋರುತ್ತದೆ. ಇದರಿಂದ ಸೂರ್ಯನನ್ನು ಮಾತ್ರ ಎಂದಿಗೂ ನೋಡಕೂಡದು.

ಗುಮಾಸ್ತನೊಬ್ಬನ ಉದ್ದಿಮೆ

ಇಂತಹ ಮನೆಯ ಆಟವು ಉದ್ದಿಮೆಯಾಗಿ ಬೆಳೆದುದಕ್ಕೆ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿಯ (1863–1936) ಜೀವನವು ಉತ್ತಮ ನಿದರ್ಶನ. ಲಿವರ್‌ಪೂಲಿನ ಮಾಂಸ ಆಮದು ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಆತ, ತನ್ನ ಗಂಡುಮಕ್ಕಳ ಆಟಕ್ಕೆಂದು ಲೋಹದ ತಗಡಿನ ಪಟ್ಟಿಗಳನ್ನು ಕತ್ತರಿಸಿ, ಅರ್ಧ ಅಂಗುಲಕ್ಕೊಂದರಂತೆ ಸಮಾನಾಂತರದಲ್ಲಿ ರಂಧ್ರ ಕೊರೆದನು. ನಟ್ಟು ಬೋಲ್ಟುಗಳಿಂದ ಜೋಡಿಸಿದರೆ ಅವೇ ಪಟ್ಟಿಗಳಿಂದ ಇಂದು ಸೇತುವೆ, ನಾಳೆ ಕ್ರೇನು ಸಿದ್ಧವಾಗುತ್ತಿದ್ದವು. 1901ರಲ್ಲಿ ಹಕ್ಕುಸ್ವಾಮ್ಯ ಪಡೆಯಲು ಕೈಯಲ್ಲಿ ಹಣವಿಲ್ಲದೆ ಮಾಲೀಕನಿಂದ ಐದು ಪೌಂಡು ಸಾಲ ಪಡೆದನು. ಆ ಮಾಲೀಕನೇ ಮುಂದೆ ವ್ಯವಹಾರದಲ್ಲಿ ಪಾಲುದಾರನಾದನು. ಜಗತ್ತಿಗೆ 'ಮೆಕ್ಯಾನೊ' ಎಂದು ಪರಿಚಿತವಾದ ಆಟಿಕೆಯ ಹುಟ್ಟು ಹೀಗೆ. ಬಿಡಿಭಾಗಗಳೆಲ್ಲ ಒಂದೇ ಅಳತೆಯಲ್ಲಿದ್ದುದರಿಂದ ಹಳೆಯ ಪೆಟ್ಟಿಗೆಯುಳ್ಳವನು ಹೊಸದನ್ನು ಕೊಂಡು ಅದಕ್ಕೇ ಸೇರಿಸಬಹುದಾಗಿತ್ತು. ಗ್ರಾಹಕನು ಮತ್ತೆ ಮತ್ತೆ ಅಂಗಡಿಗೆ ಬರುವಂತೆ ಮಾಡಿದ ವ್ಯಾಪಾರ ತಂತ್ರವೂ ಇದೇ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ಅಮೆರಿಕದ ಗಿಲ್ಬರ್ಟ್ ಕಂಪನಿಯು 1950ರ ಸುಮಾರಿಗೆ ಮಕ್ಕಳಿಗಾಗಿ ಯುರೇನಿಯಂ ಅದಿರಿನ ಮಾದರಿಗಳುಳ್ಳ 'ಪರಮಾಣು ಪ್ರಯೋಗಾಲಯ'ವನ್ನು 49.50 ಡಾಲರಿಗೆ ಮಾರುಕಟ್ಟೆಗೆ ತಂದಿತು. ಅದು ಅಲ್ಪಕಾಲದಲ್ಲಿಯೇ ಮಾರುಕಟ್ಟೆಯಿಂದ ಮರೆಯಾಯಿತು. ತುಂಬ ದುಬಾರಿಯಾಗಿದ್ದುದರಿಂದ ಸಾಮಾನ್ಯ ಪೋಷಕರ ಕೈಗೆ ಅದು ಎಟುಕಲಿಲ್ಲ. ಮಗುವಿನ ಕೈಗೆ ಏನನ್ನು ಕೊಡಬಹುದು, ತಂದೆಯ ಕಿಸೆಯಿಂದ ಎಷ್ಟು ಹೊರಬರಬಹುದು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಹೊಂದಿದ ಪೆಟ್ಟಿಗೆ ಮಾತ್ರ ಬಾಳುತ್ತದೆ.

ಭಾರತದಲ್ಲಿ ಐ.ಐ.ಟಿ. ಕಾನ್ಪುರದ ಪದವೀಧರರಾದ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್, ಹಳೆಯ ಪತ್ರಿಕೆಗಳಿಂದ ನೂರಾರು ವಿಜ್ಞಾನ ಆಟಿಕೆಗಳನ್ನು ರೂಪಿಸಿ, ಎಲ್ಲವನ್ನೂ ಉಚಿತವಾಗಿ ಹಂಚಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನು ಪ್ರಕಾಶ್ ಅವರ ತಂಡವು 2014ರಲ್ಲಿ ಪ್ರಕಟಿಸಿದ ಮಡಿಸುವ ಕಾಗದದ ಸೂಕ್ಷ್ಮದರ್ಶಕ 'ಫೋಲ್ಡ್‌ಸ್ಕೋಪ್', ಡೆಲ್ಫ್ಟಿನ ಜವಳಿ ವರ್ತಕನ ಒಂಟಿ ಮಸೂರದ ತತ್ತ್ವವನ್ನೇ ಅಗ್ಗದ ದರದಲ್ಲಿ ಮಕ್ಕಳ ಕೈಗಿತ್ತಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ತನ್ನ 'ಬಾಲ ವಿಜ್ಞಾನ' ಮಾಸಪತ್ರಿಕೆಯ ಮೂಲಕ ಕನ್ನಡದ ಮಕ್ಕಳಿಗೆ ಸಲ್ಲಿಸಿದ ಸೇವೆಯೂ ಸ್ಮರಣೀಯ.

ಕಾನೂನಿನ ಚೌಕಟ್ಟು

ಪೆಟ್ಟಿಗೆಯನ್ನು ತಯಾರಿಸಿ ಮಾರಬಯಸುವವರು ಮೊದಲು ಅರಿಯಬೇಕಾದುದು ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ, 2020. ಇದು 2021ರ ಜನವರಿ 1ರಿಂದ ಜಾರಿಗೆ ಬಂದಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಕ್ಕೆಂದು ರೂಪಿಸಿದ ವಸ್ತುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಪರವಾನಗಿ ಮತ್ತು ಐ.ಎಸ್.ಐ. ಮುದ್ರೆ ಕಡ್ಡಾಯ. ಸಾಮಾನ್ಯ ಆಟಿಕೆಗಳಿಗೆ ಐ.ಎಸ್. 9873 ಹಾಗೂ ವಿದ್ಯುತ್ ಚಾಲಿತ ಆಟಿಕೆಗಳಿಗೆ ಐ.ಎಸ್. 15644 ಮಾನಕಗಳು ಅನ್ವಯಿಸುತ್ತವೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೂ, ಚನ್ನಪಟ್ಟಣದ ಬೊಂಬೆಗಳಂತೆ ಭೌಗೋಳಿಕ ಸೂಚಿಕೆ ಪಡೆದ ಉತ್ಪನ್ನಗಳ ನೋಂದಾಯಿತ ತಯಾರಕರಿಗೂ ವಿನಾಯಿತಿ ಇದೆ. ಸಾಮಾನ್ಯ ವಿಜ್ಞಾನ ಪೆಟ್ಟಿಗೆಯ ತಯಾರಕನು ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. 'ಶೈಕ್ಷಣಿಕ' ಎಂಬ ಒಂದು ಪದವನ್ನು ಹೊದಿಕೆಯ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ಆದೇಶದಿಂದ ಹೊರಬಂದೆವೆಂದು ಭಾವಿಸುವುದೂ ಅಪಾಯಕರ.

ಆಮದಿನ ಪೈಪೋಟಿಯ ಮಟ್ಟಿಗೆ ಪರಿಸ್ಥಿತಿ ಬದಲಾಗಿದೆ. ಆಟಿಕೆಗಳ ಮೇಲಿನ ಮೂಲ ಸೀಮಾ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. ಸರಕು ಮತ್ತು ಸೇವಾ ತೆರಿಗೆಯಲ್ಲಿ ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಎಲೆಕ್ಟ್ರಾನಿಕ್ ಆಟಿಕೆಗಳಿಗೆ ಶೇ. 18ರ ದರ ಉಳಿದಿದೆ. ಆದ್ದರಿಂದ ಶೆಲ್, ಮೋಟಾರು, ಬಲ್ಬುಗಳುಳ್ಳ ಪೆಟ್ಟಿಗೆಯ ವರ್ಗೀಕರಣವನ್ನು ಮೊದಲೇ ನಿರ್ಣಯಿಸಿಕೊಳ್ಳಬೇಕು. ಸಂದೇಹವಿದ್ದಲ್ಲಿ ಮುಂಗಡ ತೀರ್ಪಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಕಚ್ಚಾಸಾಮಗ್ರಿಗೆ ಶೇ. 18 ತೆತ್ತು ಸಿದ್ಧವಸ್ತುವಿಗೆ ಶೇ. 5 ವಿಧಿಸುವವರಿಗೆ ತೆರಿಗೆ ಜಮೆ ಉಳಿಯುತ್ತ ಹೋಗುತ್ತದೆ. ಅಂಥವರು ಕೇಂದ್ರ ಅಧಿನಿಯಮದ 54(3)ನೇ ಪ್ರಕರಣದನ್ವಯ ಮರುಪಾವತಿ ಕೋರಬಹುದು. ಎರಡು ವರ್ಷದ ಕಾಲಮಿತಿಯನ್ನು ಮರೆತು ಈ ಹಣ ಕಳೆದುಕೊಳ್ಳಬಾರದು.

ಎರಡು ಸಾವಿರ ಪೆಟ್ಟಿಗೆಯ ಗಡಿ

ಉತ್ಸಾಹಕ್ಕೆ ಲೆಕ್ಕದ ಕಡಿವಾಣ ಅವಶ್ಯಕ. ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ತೆರಿಗೆ ಹೊರತುಪಡಿಸಿ ಪೆಟ್ಟಿಗೆಯೊಂದರ ಅಂಗಡಿ ಬೆಲೆ 400 ರೂ. ಎಂದಿಟ್ಟುಕೊಳ್ಳೋಣ. ಮಾರಾಟಗಾರರ ಲಾಭಾಂಶ ಶೇ. 35 ಕಳೆದು ತಯಾರಕನಿಗೆ ದೊರೆಯುವುದು 260 ರೂ. ಸಾಮಗ್ರಿ, ಕೂಲಿ, ಕೈಪಿಡಿ ಮತ್ತು ಹೊದಿಕೆಗೆ 160 ರೂ. ಹೋದರೆ ಉಳಿಯುವ ಕೊಡುಗೆ 100 ರೂ. ಪರೀಕ್ಷೆ, ಪರವಾನಗಿ, ಬಾಡಿಗೆ ಮುಂತಾದ ಸ್ಥಿರ ವೆಚ್ಚ ವರ್ಷಕ್ಕೆ 2 ಲಕ್ಷ ರೂ. ಆದರೆ, ಲಾಭ ನಷ್ಟ ಸಮವಾಗಲು 2,000 ಪೆಟ್ಟಿಗೆಗಳು ಮಾರಾಟವಾಗಬೇಕು. ಸಾವಿರ ಪೆಟ್ಟಿಗೆ ಮಾರಿದವನಿಗೆ 1 ಲಕ್ಷ ನಷ್ಟ, ಹತ್ತು ಸಾವಿರ ಮಾರಿದವನಿಗೆ 8 ಲಕ್ಷ ಲಾಭ. ಪೆಟ್ಟಿಗೆ ಎರಡು ಕಡೆಯೂ ಅದೇ. ವ್ಯತ್ಯಾಸವಿರುವುದು ಸ್ಥಿರ ವೆಚ್ಚವು ಎಷ್ಟು ಪೆಟ್ಟಿಗೆಗಳ ಮೇಲೆ ಹಂಚಿಕೆಯಾಗುತ್ತದೆ ಎಂಬುದರಲ್ಲಿ.

ಇದರಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಪ್ರಾರಂಭದಲ್ಲಿಯೇ ಹತ್ತು ಬಗೆಯ ಪೆಟ್ಟಿಗೆಗಳನ್ನು ಹೊರತಂದು ಪರೀಕ್ಷಾ ವೆಚ್ಚವನ್ನು ಹೆಚ್ಚಿಸಿಕೊಳ್ಳದೆ, ಹಾರ್ನ್‌ಬಿಯಂತೆ ಒಂದೇ ಅಳತೆಯ ಬಿಡಿಭಾಗಗಳಿಂದ ಹಲವು ಪ್ರಯೋಗಗಳನ್ನು ಮಾಡಿಸುವ ಒಂದು ಪೆಟ್ಟಿಗೆಯಿಂದ ಆರಂಭಿಸುವುದು ಲೇಸು. ಕೈಪಿಡಿಯನ್ನು ಕನ್ನಡದಲ್ಲಿಯೂ ಮುದ್ರಿಸಿದರೆ, ಆಂಗ್ಲ ಕೈಪಿಡಿಯ ಪೆಟ್ಟಿಗೆಗಳು ತಲುಪದ ತಾಲ್ಲೂಕು ಕೇಂದ್ರಗಳ ಮಾರುಕಟ್ಟೆಯು ತೆರೆದುಕೊಳ್ಳಬಹುದು. ಮೂರನೆಯದಾಗಿ, ಸಗಟು ಬೇಡಿಕೆಯು ಶಾಲೆಗಳಲ್ಲಿದೆ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷಗಳಲ್ಲಿ 50,000 ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಸ್ಥಾಪಿಸುವುದಾಗಿ 2025ರ ಕೇಂದ್ರ ಮುಂಗಡಪತ್ರ ಘೋಷಿಸಿದೆ. ಕಂಪನಿಗಳ ಅಧಿನಿಯಮ, 2013ರ 135ನೇ ಪ್ರಕರಣದಡಿ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಶಿಕ್ಷಣಕ್ಕೆ ವಿನಿಯೋಗಿಸಲು ಅವಕಾಶವಿರುವುದರಿಂದ, ದೊಡ್ಡ ಕಂಪನಿಗಳು ಹತ್ತಿರದ ಶಾಲೆಗೆ ವಿಜ್ಞಾನ ಮೂಲೆಯೊಂದನ್ನು ಒದಗಿಸಿ ಸ್ಥಳೀಯ ತಯಾರಕನಿಗೂ ಆಸರೆಯಾಗಬಹುದು.

ಸುರಕ್ಷತೆಯೇ ಮೊದಲ ಬಂಡವಾಳ

ಬೆಲೆ ಉಳಿಸಲು ರಾಜಿ ಮಾಡಿಕೊಳ್ಳಲೇಬಾರದ ಎರಡು ವಸ್ತುಗಳಿವೆ. ಗುಂಡಿಯಾಕಾರದ ಪುಟ್ಟ ಲಿಥಿಯಂ ಶೆಲ್ಲನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಲುಕಿದರೆ, ಎರಡೇ ಗಂಟೆಗಳಲ್ಲಿ ಒಳಗೆ ಸುಟ್ಟ ಗಾಯವಾಗಬಲ್ಲದು. ಒಂದಕ್ಕಿಂತ ಹೆಚ್ಚು ಪ್ರಬಲ ಅಯಸ್ಕಾಂತಗಳನ್ನು ನುಂಗಿದರೆ ಅವು ಕರುಳಿನ ಗೋಡೆಗಳ ನಡುವೆ ಪರಸ್ಪರ ಅಂಟಿಕೊಂಡು ಕರುಳನ್ನೇ ತೂತು ಮಾಡಬಲ್ಲವು. ಎರಡೂ ಸಂದರ್ಭಗಳಲ್ಲಿ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ತಯಾರಕನು ಇಂಥ ಶೆಲ್ಲಿನ ಬದಲು ದೊಡ್ಡ ಶೆಲ್ಲನ್ನೂ, ಸಣ್ಣ ಪ್ರಬಲ ಅಯಸ್ಕಾಂತದ ಬದಲು ನುಂಗಲಾಗದ ಗಾತ್ರದ ಸಾಧಾರಣ ಅಯಸ್ಕಾಂತವನ್ನೂ ಬಳಸಿದರೆ ಕೆಲವು ರೂಪಾಯಿ ಹೆಚ್ಚು ತಗುಲಬಹುದು. ಮಾನಕ ಮುದ್ರೆಯಿಲ್ಲದ ಅಗ್ಗದ ಸರಕನ್ನು ಕೊಂಡು ಮಾರುವ ವರ್ತಕನೂ ಈ ಹೊಣೆಯಿಂದ ಮುಕ್ತನಲ್ಲ. ಸದರಿ ಆದೇಶವು ಮಾರಾಟಕ್ಕೂ ಅನ್ವಯಿಸುತ್ತದೆ. ಖರೀದಿ ಬಿಲ್ಲನ್ನು ಜೋಪಾನ ಮಾಡುವಂತೆಯೇ ಮುದ್ರೆಯ ಕೆಳಗಿನ ಪರವಾನಗಿ ಸಂಖ್ಯೆಯನ್ನು ತಾಳೆ ನೋಡುವ ಅಭ್ಯಾಸವೂ ಬೆಳೆಯಬೇಕು.

ಪೆಟ್ಟಿಗೆ ಕೊಳ್ಳಲು ಹಣವಿಲ್ಲದ ಮನೆಯಲ್ಲಿಯೂ ಅರಿಶಿನ, ನಿಂಬೆಹಣ್ಣು, ಖಾಲಿ ಬಾಟಲಿ ಇರುತ್ತವೆ. ಹಣವಿರುವ ಮನೆಗಳಲ್ಲಿ ಕೊರತೆಯಾಗಿರುವುದು ಮಗುವಿನ ಪಕ್ಕ ಕುಳಿತುಕೊಳ್ಳುವ ಹಿರಿಯರ ಸಮಯ. ಅಂಗಡಿ ಮುಚ್ಚಿ ಮನೆಗೆ ಬಂದ ವರ್ತಕನು ವಾರಕ್ಕೊಂದು ಸಂಜೆ ಮಗುವಿನೊಡನೆ ತಂತಿ ಸುತ್ತುತ್ತ ಕುಳಿತರೆ ಅದು ಯಾವ ಲೆಕ್ಕಪುಸ್ತಕದಲ್ಲಿಯೂ ನಮೂದಾಗದ ಆಸ್ತಿಯಾಗುತ್ತದೆ. ಸುರುಳಿಯು ಮೊದಲ ಸಲ ತಿರುಗದೆ ನಿಂತಾಗ ತಾವೇ ಸರಿಪಡಿಸಿಕೊಡದೆ, 'ಯಾಕೆ ನಿಂತಿತು?' ಎಂದು ಕೇಳಿ ಕಾಯುವುದಷ್ಟೇ ಹಿರಿಯರ ಪಾಲಿನ ಕರ್ತವ್ಯ.