ಪರದೇಶವಾಸಕ್ಕೆ ಮುನ್ನ ಹರೆಯದ ಮಕ್ಕಳ ಆರೋಗ್ಯ ಸಿದ್ಧತೆ

ಉದ್ಯೋಗ ನಿಮಿತ್ತವಾಗಿ ಒಂದೆರಡು ವರ್ಷಗಳ ಮಟ್ಟಿಗೆ ಇಂಗ್ಲೆಂಡಿಗೆ ತೆರಳುವ ಕುಟುಂಬಗಳು ಇಂದು ನಮ್ಮ ಭಕ್ತ ಸಮೂಹದಲ್ಲಿಯೂ ಅಪರೂಪವಲ್ಲ. ವೀಸಾ, ಮನೆ, ಶಾಲೆಗಳ ಚಿಂತೆಯಲ್ಲಿ ಮುಳುಗಿದ ಪಾಲಕರು ಮಕ್ಕಳ ಆರೋಗ್ಯದ ಸಿದ್ಧತೆಯನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತಾರೆ.

ಇತ್ತೀಚೆಗೆ ಹದಿನೈದು ವರ್ಷದ ಬಾಲಕಿಯೊಬ್ಬಳು ತಪಾಸಣೆಗೆ ಬಂದಿದ್ದಳು. ಚಿಕ್ಕಂದಿನಿಂದ ಉಬ್ಬಸವುಳ್ಳವಳು. ಯಾವ ಔಷಧ ಆಗಿಬರುವುದಿಲ್ಲವೆಂದು ಕೇಳಿದಾಗ ಅವಳು ತಂದೆಯ ಮುಖ ನೋಡಿದಳು; ಉತ್ತರವನ್ನು ಅವರೇ ಹೇಳಿದರು. ಪರದೇಶದ ಶಾಲೆಯಲ್ಲಿ ಉಸಿರು ಕಟ್ಟಿದಾಗ ತಂದೆ ಪಕ್ಕದಲ್ಲಿ ಇರುವುದಿಲ್ಲ. ಆದುದರಿಂದ ತನ್ನ ಕಾಯಿಲೆ, ಔಷಧ ಹಾಗೂ ಅದರ ಪ್ರಮಾಣವನ್ನು ಮಗುವೇ ಇಂಗ್ಲಿಷಿನಲ್ಲಿ ಹೇಳುವಂತಾಗಬೇಕು. ತುರ್ತು ಸ್ಥಿತಿಗೆ 999, ಉಳಿದ ಸಲಹೆಗೆ 111 ಎಂಬ ದೂರವಾಣಿ ಸಂಖ್ಯೆಗಳೂ ಬಾಯಿಪಾಠವಾಗಿರಲಿ.

ಹೊರಡುವ ಮೂರು ತಿಂಗಳ ಮೊದಲೇ ತಾಯಿ ಕಾರ್ಡನ್ನು ಹುಡುಕಿ ತೆಗೆಯಬೇಕು. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ನಡೆದ ದಡಾರ-ರುಬೆಲ್ಲಾ ಅಭಿಯಾನದಲ್ಲಿ ಪಡೆದ ಚುಚ್ಚುಮದ್ದು ಅದರಲ್ಲಿ ದಾಖಲಾಗಿದೆಯೇ ನೋಡಿರಿ. ಸರಕಾರಿ ಲಸಿಕೆಯಲ್ಲಿ ಮಂಗನಬಾವಿನ ಅಂಶವಿಲ್ಲ. ಇಂಗ್ಲೆಂಡಿನಲ್ಲಿ ಮೂರೂ ಸೇರಿದ ಲಸಿಕೆಯ ಎರಡು ವರಸೆ ವಾಡಿಕೆ. ಅಲ್ಲಿ ಸುಮಾರು ಹದಿನಾಲ್ಕರ ವಯಸ್ಸಿಗೆ ಧನುರ್ವಾಯು, ಗಂಟಲಮಾರಿ, ಪೋಲಿಯೊಗಳ ವರ್ಧಕ ಲಸಿಕೆಯನ್ನೂ ಮಿದುಳುಪೊರೆಯ ಉರಿಯೂತದ ಲಸಿಕೆಯನ್ನೂ ಶಾಲೆಗಳಲ್ಲಿಯೇ ಕೊಡುತ್ತಾರೆ. ದಾಖಲೆ ಕೈಯಲ್ಲಿದ್ದರೆ ಯಾವುದು ಬಾಕಿಯೆಂಬುದು ಅಲ್ಲಿನ ವೈದ್ಯರಿಗೆ ತಿಳಿಯುತ್ತದೆ. ಆರು ತಿಂಗಳಿಗಿಂತ ಹೆಚ್ಚಿನ ವಾಸಕ್ಕೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಕ್ಷಯ ತಪಾಸಣೆ ಕಡ್ಡಾಯ. ಹರೆಯದವರಿಗೆ ಎದೆಯ ಕ್ಷ-ಕಿರಣ ಪರೀಕ್ಷೆಯಾಗುತ್ತದೆ. ಆ ಪ್ರಮಾಣಪತ್ರದ ಅವಧಿ ಆರು ತಿಂಗಳು.

ನಮ್ಮ ಔಷಧದಂಗಡಿಯ ಸಲಿಗೆ ಅಲ್ಲಿಲ್ಲ. ವೈದ್ಯರ ಚೀಟಿಯಿಲ್ಲದೆ ಪ್ರತಿಜೀವಕ ಗುಳಿಗೆ ಸಾಮಾನ್ಯವಾಗಿ ದೊರೆಯದು. ನಿತ್ಯದ ಔಷಧಗಳನ್ನು ಚೀಟಿಯ ಸಹಿತ ಕೈಚೀಲದಲ್ಲಿಯೇ ಒಯ್ಯಬೇಕು. ಚೀಟಿಯಲ್ಲಿ ಕಂಪನಿಯಿಟ್ಟ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ. ಹಾಲಿನ ಪದಾರ್ಥಗಳನ್ನು ಇಲ್ಲಿಂದ ಒಯ್ಯುವುದು ನಿಷಿದ್ಧ, ಅಂದರೆ ಅಜ್ಜಿ ಕಟ್ಟಿಕೊಟ್ಟ ಧಾರವಾಡ ಪೇಡೆಯೂ ತುಪ್ಪವೂ ಇಲ್ಲಿಯೇ ಉಳಿಯಬೇಕು. ಹಾಲು, ಮೊಸರು ಅಲ್ಲಿ ಧಾರಾಳವಾಗಿ ಸಿಗುತ್ತವೆ. ಸಸ್ಯಾಹಾರಿಗಳಿಗೆ ಬಿ12 ಜೀವಸತ್ವದ ಆಧಾರ ಅವೇ ಆದ್ದರಿಂದ ಬಿಡಬಾರದು.

ಕಷ್ಟ ಆರಂಭವಾಗುವುದು ಚಳಿಗಾಲದಲ್ಲಿ. ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ಎಂಟಕ್ಕೆ ಮೂಡಿ ನಾಲ್ಕಕ್ಕೆ ಮುನ್ನವೇ ಮುಳುಗುತ್ತಾನೆ. ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವವನ್ನು ಸೇವಿಸುವ ಯೋಚನೆ ಮಾಡಬೇಕೆಂದು ಅಲ್ಲಿನ ಸರಕಾರಿ ಆರೋಗ್ಯ ಸೇವೆ ಎಲ್ಲರಿಗೂ ಹೇಳುತ್ತದೆ. ನಮ್ಮಂತಹ ಕಂದುಬಣ್ಣದವರಿಗೆ ವರ್ಷವಿಡೀ. ಇಲ್ಲಿ ವಾರಕ್ಕೊಮ್ಮೆ ಕೊಡುವ 60,000 ಯೂನಿಟ್ಟಿನ ಪುಡಿಯನ್ನು ವೈದ್ಯರ ಮಾತಿಲ್ಲದೆ ಒಯ್ದು ಸೇವಿಸಬಾರದು. ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯುವುದು ನಿದ್ರೆಗೂ ಮನಸ್ಸಿಗೂ ಹಿತ.

ಮನಸ್ಸಿನ ಮಾತು ಬಂದಾಗ ಪಾಲಕರು "ಹೊಂದಿಕೊಳ್ಳುತ್ತಾಳೆ ಬಿಡಿ" ಎನ್ನುತ್ತಾರೆ. ಹಲವರು ಹೊಂದಿಕೊಳ್ಳುತ್ತಾರೆ, ನಿಜ. ಆದರೆ ಹರೆಯದ ಮಗುವಿಗೆ ಗೆಳತಿಯರನ್ನು ಅಗಲುವುದು ಸಣ್ಣ ನಷ್ಟವಲ್ಲ. ಸುದ್ದಿಯನ್ನು ಕೊನೆಯ ವಾರದವರೆಗೆ ಮುಚ್ಚಿಡುವುದು ತಪ್ಪು. ಕೊಂಡೊಯ್ಯುವುದೇನು, ಬಿಡುವುದೇನು ಎಂಬುದರಲ್ಲಿ ಅವಳ ಮಾತಿಗೂ ಬೆಲೆಯಿರಲಿ. ಅಲ್ಲಿಗೆ ಹೋದ ಮೇಲೆ ಊಟ, ನಿದ್ರೆ, ಮಾತು ಕುಂದಿ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಅದಕ್ಕಾಗಿ ಹೋದ ಮೊದಲ ವಾರದಲ್ಲಿಯೇ ಮನೆಯ ಸಮೀಪದ ಸರಕಾರಿ ವೈದ್ಯರಲ್ಲಿ ಹೆಸರು ನೋಂದಾಯಿಸಿರಬೇಕು.

ಊರಿನವರೊಡನೆ ಮಾತನಾಡುವ ವೇಳೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಿರಿ. ಚಳಿಗಾಲದಲ್ಲಿ ಅವಳು ಶಾಲೆಯಿಂದ ನಾಲ್ಕಕ್ಕೆ ಮರಳಿದಾಗ ಇಲ್ಲಿ ರಾತ್ರಿ ಒಂಬತ್ತೂವರೆ. ಅಜ್ಜ ಅಜ್ಜಿ ಮಲಗಿರುತ್ತಾರೆ. ರವಿವಾರ ಅಲ್ಲಿನ ಬೆಳಗಿನ ಹತ್ತು ಗಂಟೆಯಾದರೆ ಇಲ್ಲಿ ಮಧ್ಯಾಹ್ನ ಮೂರೂವರೆ, ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕುಳಿತಿರುವ ಹೊತ್ತು.