ನೀರಿನ ಬಳಿ ಏಳು ದಿನ

ಬೇಸಗೆಯ ರಜೆ ಬಂದೊಡನೆ ಮಕ್ಕಳು ಹೊಳೆಯ ಮಾತೆತ್ತುವುದು ಸಹಜ. ಬೆಂಗಳೂರಿನ ಸಂಸಾರವಂದಿಗರು ಅದಕ್ಕಾಗಿ ದೂರದೂರುಗಳನ್ನು ಅರಸಬೇಕಾಗಿಲ್ಲ. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಸೀಮೆಯಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವಿದೆ. ಅಲ್ಲಿಂದ ಸುಮಾರು 4 ಕಿಲೋಮೀಟರು ಕೆಳಗೆ ಮೇಕೆದಾಟು.

ಕನಕಪುರದಲ್ಲಿ ಬಿಡಾರ ಹೂಡಿ, ಎರಡು ದಿನಗಳನ್ನು ಸಂಗಮ, ಮೇಕೆದಾಟುಗಳಿಗೂ, ಒಂದನ್ನು ಚುಂಚಿ ಜಲಪಾತಕ್ಕೂ ಮೀಸಲಿಡಬಹುದು. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯು ಅರ್ಕಾವತಿಯನ್ನು ಸೇರುವುದರಿಂದ ಚುಂಚಿಯನ್ನು ಕಣ್ಣಿನಿಂದ ಸವಿಯತಕ್ಕದ್ದು, ಮೈಯಿಂದಲ್ಲ. ಮುಂದಿನ ಮೂರು ದಿನ ರಾಮನಗರದ ಜಾನಪದ ಲೋಕ, ಚನ್ನಪಟ್ಟಣದ ಬೊಂಬೆಗಳು, ಕಣ್ವ ಜಲಾಶಯ. ಏಳನೆಯ ದಿನ ಗೃಹಿಣಿಗೆ ಅಡಿಗೆಯಿಂದ ಬಿಡುವೇ ಕಾರ್ಯಕ್ರಮವಾಗಲಿ!

ಮೇಕೆದಾಟಿನಲ್ಲಿ ಮಾತ್ರ ಎಚ್ಚರ ತಪ್ಪಕೂಡದು. ಸುಳಿಯಲ್ಲಿ ತಿರುಗುವ ಕಲ್ಲುಗಳು ಅಲ್ಲಿಯ ಬಂಡೆಯನ್ನು ಕೊರೆದು ಆಳವಾದ ಗುಂಡಿಗಳನ್ನು ಮಾಡಿವೆ. ಶಾಂತವಾಗಿ ಕಾಣುವ ನೀರಿನಡಿ ಸೆಳೆತವಿದೆ; ಈಜು ಬಲ್ಲವರೂ ಪ್ರಾಣ ನೀಗಿದ್ದಾರೆ. ಮೇಲ್ಗಡೆ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ಹೊಳೆ ಏರೀತು.

ಆದುದರಿಂದ ಬುತ್ತಿ, ಕುಡಿಯುವ ನೀರು ಅಣಿಮಾಡುವಾಗಲೇ ಹಿರಿಯರೊಬ್ಬರನ್ನು ಮಕ್ಕಳ ಕಾವಲಿಗೆಂದು ಗೊತ್ತುಮಾಡಿರಿ. ಸುತ್ತಲಿನದು ಆನೆಗಳ ಕಾಡು. ಹೊತ್ತು ಮುಳುಗುವ ಮುನ್ನ ಹಿಂದಿರುಗಿರಿ. ಬುತ್ತಿ ಖಾಲಿಯಾಗಿ, ತಲೆಯೆಣಿಕೆ ಸರಿಯಾಗಿದ್ದರೆ ರಜೆ ಸಾರ್ಥಕವಾದಂತೆಯೇ.