ಮೂಳೆಗಿಳಿದ ಸೋಂಕಿನ ಜಾಡು

ಮುರಿದ ಮೂಳೆಗೂ ಹೊರಗಿನ ಗಾಳಿ ಮಣ್ಣಿಗೂ ಗಾಯದ ಮೂಲಕ ದಾರಿಯಾಗಿದ್ದರೆ ಅದು ತೆರೆದ ಮುರಿತ. ಮೂಳೆ ಹೊರಗೆ ಚಾಚಿಕೊಂಡಿರಲೇಬೇಕೆಂದಿಲ್ಲ. ಗಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕ, ಶುಭ್ರ ಗಾಯಕ್ಕೂ ಜಾಗವಿದೆ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾಕ್ಕೇ ಈ ಪಾಡು ಹೆಚ್ಚು. ಕಾಲಿನ ಒಳಮಗ್ಗುಲನ್ನು ಬೆರಳಿನಿಂದ ಒತ್ತಿ ನೋಡಿದರೆ ಕಾರಣ ತಿಳಿಯುತ್ತದೆ: ಚರ್ಮದಡಿಯಲ್ಲೇ ಮೂಳೆ, ನಡುವೆ ಮಾಂಸವೇ ಇಲ್ಲ.

1865ರ ಆಗಸ್ಟಿನಲ್ಲಿ ಗ್ಲಾಸ್ಗೊದಲ್ಲಿ ಗಾಡಿಯ ಚಕ್ರ ಹರಿದು ಹನ್ನೊಂದು ವರ್ಷದ ಹುಡುಗನೊಬ್ಬನ ಕಾಲು ಹೀಗೇ ಮುರಿದಿತ್ತು. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಕೀವಾಗದೆ ಗಾಯ ಮಾಗಿತು, ಕಾಲು ಉಳಿಯಿತು. ಸೋಂಕನ್ನು ತಡೆಯುವ ವಿದ್ಯೆ ಅಲ್ಲಿಂದ ಬಹಳ ಬೆಳೆದಿದೆ. ತಡೆ ಮೀರಿ ಒಳಗೆ ನೆಲೆಸಿದ ಸೋಂಕನ್ನು ಹಿಡಿಯುವುದು ಮಾತ್ರ ಇಂದಿಗೂ ಕಷ್ಟ.

"ಜ್ವರವಿಲ್ಲ, ಕೀವಿಲ್ಲ, ಹಾಗಾದರೆ ಸೋಂಕಿಲ್ಲ" ಎಂಬ ಸಮಾಧಾನ ಮನೆಯವರಿಗೆ ಸಹಜ. ಆದರೆ ಮೂಳೆಗೆ ಹಾಕಿದ ರಾಡು, ಪ್ಲೇಟುಗಳ ಮೇಲೆ ಕೂತ ಸ್ಟಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಅಂಟಂಟಾದ ಪೊರೆಯೊಂದನ್ನು ಕಟ್ಟಿಕೊಳ್ಳುತ್ತವೆ. ಇದೇ ಬಯೊಫಿಲ್ಮ್. ಅದರೊಳಗೆ ಅವು ನಿಧಾನವಾಗಿ ಬದುಕುತ್ತವೆ. ಬೆಳೆಯುವ ಜೀವಕೋಶವನ್ನೇ ಗುರಿಯಾಗಿಸುವ ಔಷಧಿಗಳು ಅವನ್ನು ಪೂರ್ತಿ ಕೊಲ್ಲಲಾರವು. ರೋಗಿಗೆ ತಿಂಗಳುಗಟ್ಟಲೆ ಜ್ವರವೇ ಬಾರದೆ, ಕೂಡದ ಮೂಳೆ ಮತ್ತು ಬಿಡದ ನೋವಷ್ಟೇ ಸುಳಿವಾಗಿ ಉಳಿಯಬಹುದು.

ಎರಡನೆಯ ತಪ್ಪು ಇನ್ನೂ ಆಳವಾಗಿ ಬೇರೂರಿದೆ. ಗಾಯ ಸೋರುತ್ತಿದೆ, ಹತ್ತಿಯ ಕಡ್ಡಿಯಲ್ಲಿ ಒರೆಸಿ ಕಲ್ಚರಿಗೆ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು, ಕಳಿಸಿದರೆ ರೋಗಾಣು ಸಿಕ್ಕಿತು ಎಂಬ ನಂಬಿಕೆ ಅದು. ಒರೆಸಿದಾಗ ಸಿಗುವುದು ಬಹುಪಾಲು ಚರ್ಮದ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳು. ದೀರ್ಘಕಾಲದ ಮೂಳೆ ಸೋಂಕಿದ್ದ 40 ರೋಗಿಗಳ ಅಧ್ಯಯನವೊಂದು 1978ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಸೋರುವ ರಂಧ್ರದಿಂದ ತೆಗೆದ ಮಾದರಿಗಳಲ್ಲಿ ಒಳಗಿನ ನಿಜವಾದ ರೋಗಾಣು ಇದ್ದದ್ದು ಶೇಕಡ 44ರಲ್ಲಿ ಮಾತ್ರ! ಹಾಗಿರುವಾಗ ಆ ವರದಿಯೊಂದನ್ನೇ ನೆಚ್ಚಿ ವಾರಗಟ್ಟಲೆ ಔಷಧಿ ಕೊಟ್ಟರೆ ರೋಗಿಗೆ ಅನ್ಯಾಯವಾಗುತ್ತದೆ.

ಆದ್ದರಿಂದ ಮಾದರಿಯನ್ನು ಆಪರೇಷನ್ ಥಿಯೇಟರಿನಲ್ಲಿ, ಮೂಳೆಯ ಮುರಿತದ ಬಳಿಯಿಂದ, ಕನಿಷ್ಠ ಐದು ಕಡೆ ತೆಗೆಯುತ್ತಾರೆ. ಪ್ರತಿ ತುಣುಕಿಗೂ ಬೇರೆ ಚಿಮಟ, ಬೇರೆ ಡಬ್ಬಿ. ಇಲ್ಲವಾದರೆ ಒಂದರ ಕೊಳೆ ಇನ್ನೊಂದಕ್ಕೆ ಅಂಟುತ್ತದೆ. ರೋಗಿಯ ಸ್ಥಿತಿ ಅನುಮತಿಸಿದರೆ ಸುಮಾರು ಎರಡು ವಾರ ಮೊದಲೇ ಆಂಟಿಬಯೊಟಿಕ್ ನಿಲ್ಲಿಸುವುದೂ ಉಂಟು. ಮುರಿತದ ಸೋಂಕಿಗೆ 2018ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಒಮ್ಮತದ ವ್ಯಾಖ್ಯೆಯಂತೆ, ಆಳದಿಂದ ತೆಗೆದ ಕನಿಷ್ಠ ಎರಡು ಪ್ರತ್ಯೇಕ ಮಾದರಿಗಳಲ್ಲಿ ಒಂದೇ ರೋಗಾಣು ಬೆಳೆದರೆ ಸೋಂಕು ಖಚಿತ. ಮೂಳೆಯವರೆಗೆ ಇಳಿದ ಸೋರುರಂಧ್ರ ಕಂಡರೂ ಖಚಿತವೇ.

ದೇಹದ ಉರಿಯೂತವನ್ನು ತೋರಿಸುವ ರಕ್ತದ ಸಿಆರ್‌ಪಿ ಪರೀಕ್ಷೆ ಬರೀ ಅನುಮಾನ ಹುಟ್ಟಿಸಬಲ್ಲದು. ಆಪರೇಷನ್ ಆದ ಎರಡು ಮೂರು ದಿನಕ್ಕೆ ಅದು ಏರುವುದು ಸಹಜ. ಇಳಿದದ್ದು ಮತ್ತೆ ಏರಿದರೆ ಎಚ್ಚರವಾಗಬೇಕು.

ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಈಗ ಭರವಸೆ ಮೂಡಿಸಿದೆ, ಆದರೆ ಸತ್ತ ರೋಗಾಣುವಿನ ಡಿಎನ್‌ಎ ಕೂಡ ಅದಕ್ಕೆ ಸಿಗುತ್ತದೆ. ತೆರೆದ ಮುರಿತಗಳ ತೀವ್ರತೆ ಅಳೆಯಲು ಕೊಯಮತ್ತೂರಿನ ಗಂಗಾ ಆಸ್ಪತ್ರೆ ರೂಪಿಸಿದ ಅಂಕಪದ್ಧತಿ ಹೊರದೇಶಗಳಿಗೂ ತಲುಪಿದೆ. ಸೋಂಕಿನ ಪತ್ತೆಯಲ್ಲೂ ಅಂಥ ಕೆಲಸ ಇಲ್ಲಿ ನಡೆಯಬೇಕು; ಸೂಕ್ಷ್ಮಜೀವಿಶಾಸ್ತ್ರ ಓದುವ ನಮ್ಮ ಹುಡುಗ ಹುಡುಗಿಯರು ಸಜೀವ ರೋಗಾಣುವನ್ನಷ್ಟೇ ಗುರುತಿಸುವ ಪರೀಕ್ಷೆಯ ಬೆನ್ನು ಹತ್ತಲಿ.